ಹಳೇ ಕ್ರೂಡ್ (ಕಚ್ಚಾ ತೈಲ) ಪೈಪಿಗೆ ಅಲ್ಟ್ರಾಸೋನಿಕ್ (ಯುಟಿ) ಗೇಜ್: ಅಲೆ ತೋರಿಸುವ ಪರದೆ ಇದ್ದರೆ ಮಾತ್ರ ಕೊಳ್ಳಿ

ಕುವೈತ್‌ನಲ್ಲಿ ಪೈಪ್‌ಲೈನ್ ಇನ್‌ಸ್ಪೆಕ್ಷನ್ ಕೆಲಸ ನನ್ನದು. 1946ರಿಂದಲೇ ಎಣ್ಣೆ ರಫ್ತು ಮಾಡುತ್ತಿರುವ ದೇಶ, ಹಾಗಾಗಿ ಹಳೇ ಪೈಪುಗಳಿಗೆ ಇಲ್ಲಿ ಬರವಿಲ್ಲ. ಪೈಪಿನ ಗೋಡೆ ಎಷ್ಟು ದಪ್ಪ ಉಳಿದಿದೆ ಎಂದು ಹೊರಗಿನಿಂದಲೇ ಅಳೆಯುವ ಅಲ್ಟ್ರಾಸೋನಿಕ್ ಗೇಜನ್ನು ವರ್ಷಗಟ್ಟಲೆ ಬಳಸಿದ್ದೇನೆ. ಅಂಕಿ ಮಾತ್ರ ತೋರಿಸುವ ಅಗ್ಗದ್ದೂ ಬಳಸಿದ್ದೇನೆ, ವಾಪಸ್ ಬರುವ ಶಬ್ದದ ಅಲೆಯನ್ನೇ ತೋರಿಸುವ ಎ-ಸ್ಕ್ಯಾನ್ ಪರದೆ ಇರುವ ದುಬಾರಿಯದ್ದೂ ಬಳಸಿದ್ದೇನೆ. ಕಂಪನಿಗಳ ಹೆಸರು ಬೇಡ, ದೂರುಗಳೂ ಇವೆಯಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಗಟ್ಟಿ ಉಪಕರಣ. ಧೂಳು, ಬಿಸಿಲು, ಕೈ ಜಾರಿ ಬೀಳೋದು, ಎಲ್ಲ ತಡೆದುಕೊಂಡಿದೆ. ಬ್ಯಾಟರಿ ಒಂದು ಶಿಫ್ಟ್ ಆರಾಮಾಗಿ ಬರುತ್ತದೆ. ರೀಡಿಂಗ್‌ಗಳನ್ನು ಪಾಯಿಂಟ್ ನಂಬರ್ ಸಮೇತ ಉಳಿಸಿಕೊಳ್ಳುತ್ತದೆ.

ಇನ್ನು ಅಂಕಿಯನ್ನು ಎಷ್ಟು ನಂಬಬಹುದು ಅನ್ನೋದು. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5,900 ಮೀಟರ್ ಓಡುತ್ತದೆ. ಪೈಪಿಗೆ ಒತ್ತಿಡುವ ಪ್ರೋಬ್ ಕಳಿಸಿದ ಶಬ್ದ ಒಳಗೋಡೆಗೆ ಬಡಿದು ಎಕೋ ಆಗಿ ವಾಪಸ್ ಬರುವ ಹೊತ್ತನ್ನು ಗೇಜ್ ದಪ್ಪವಾಗಿ ಲೆಕ್ಕ ಹಾಕುತ್ತದೆ. ಬಣ್ಣದಲ್ಲಿ ಶಬ್ದ ಅದರ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಹೋಗುತ್ತದೆ. ಹಾಗಾಗಿ ಅರ್ಧ ಮಿ.ಮೀ. ಬಣ್ಣದ ಮೇಲೆ ಪ್ರೋಬ್ ಇಟ್ಟರೆ ಇಲ್ಲದ ಉಕ್ಕು ಒಂದು ಮಿ.ಮೀ.ಗಿಂತ ಜಾಸ್ತಿ ಕಾಣುತ್ತದೆ. ಇದಕ್ಕೇ, ಎರಡು ಎಕೋಗಳ ನಡುವಿನ ಹೊತ್ತನ್ನು ಮಾತ್ರ ಅಳೆದು ಬಣ್ಣವನ್ನು ಲೆಕ್ಕದಿಂದ ಬಿಡುವ 'ಎಕೋ ಟು ಎಕೋ' ಮೋಡ್ ಇದೆ ಎಂದು ಮಾರುವವರು ಹೇಳುತ್ತಾರೆ. ನಯವಾದ ಗೋಡೆಗೆ ಸರಿ. ಒಳಗೆ ಗುಳಿ ಬಿದ್ದ ಪೈಪಿನಲ್ಲಿ ಶಬ್ದ ಚದುರಿಹೋಗಿ ಎರಡನೇ ಎಕೋ ಎಷ್ಟೋ ಸಲ ಬರುವುದೇ ಇಲ್ಲ. ನಮಗೆ ಬೇಕಾದ ಜಾಗದಲ್ಲೇ ಅದು ಕೈಕೊಡುತ್ತದೆ! ಸುಮ್ನೆ ಬಣ್ಣ ಕೆರೆದು ಅಳೆಯೋದು ವಾಸಿ.

ಗೋಡೆ ತೀರಾ ತೆಳುವಾದರೆ ಇನ್ನೊಂದು ಆಟ. ದಪ್ಪ 1 ಮಿ.ಮೀ. ಆಸುಪಾಸಿಗೆ ಇಳಿದಾಗ ಗೇಜ್ ಮೊದಲ ಎಕೋ ಬಿಟ್ಟು ಎರಡನೆಯದನ್ನು ಹಿಡಿಯಬಹುದು. ಉಳಿದಿರೋದು 1, ಪರದೆಯಲ್ಲಿ 2. ಅಂಕಿ ಮಾತ್ರ ತೋರಿಸುವ ಮಾಡೆಲ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಅಲೆ ಕಂಡರೆ ಗೇಜ್ ಯಾವ ಎಕೋ ಹಿಡಿದಿದೆ ಅಂತ ನಾವೇ ನೋಡಬಹುದು. ಜಾಸ್ತಿ ದುಡ್ಡು ಕೊಡುವುದು ಇದಕ್ಕೇ.

ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಉಕ್ಕು ಬಿಸಿಯಾದಷ್ಟೂ ಶಬ್ದ ನಿಧಾನ, ರೀಡಿಂಗ್ ದಪ್ಪ. ಏಸಿ ಗಾಡಿಯೊಳಗಿನ, ದಪ್ಪ ಗೊತ್ತಿರುವ ಉಕ್ಕಿನ ಬ್ಲಾಕ್‌ನಲ್ಲಿ ಕ್ಯಾಲಿಬ್ರೇಟ್ ಮಾಡಿ, ಅದಕ್ಕಿಂತ 30 ಡಿಗ್ರಿ ಬಿಸಿ ಇರುವ ಪೈಪಿಗೆ ಇಟ್ಟರೆ 10 ಮಿ.ಮೀ.ಗೆ ಸುಮಾರು 0.05 ಮಿ.ಮೀ. ವ್ಯತ್ಯಾಸ. ಅಷ್ಟೇನಾ ಅನ್ನಿಸಬಹುದು. ವರ್ಷಕ್ಕೆ 0.1 ಮಿ.ಮೀ. ಸವೆಯುವ ಪೈಪಿಗೆ ಅದು ಆರು ತಿಂಗಳ ಸವೆತ. ಚಳಿಗಾಲದ ರೀಡಿಂಗ್ ಪಕ್ಕ ಬೇಸಿಗೆಯದ್ದನ್ನು ಇಟ್ಟು ತುಕ್ಕು ನಿಂತಿದೆ ಎಂದು ಬರೆದ ರಿಪೋರ್ಟ್‌ಗಳನ್ನು ನೋಡಿದ್ದೇನೆ.

ಆದರೆ ಗೇಜ್‌ನ ಮಿತಿ ಇರೋದು ಬೇರೆ ಕಡೆ. ಪ್ರೋಬ್ ನೋಡುವುದು ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಜಾಗ. ಕ್ರೂಡ್ ಪೈಪನ್ನು ಒಳಗಿಂದ ತಿನ್ನೋದು ಎಣ್ಣೆಯಲ್ಲ, ಜೊತೆಗೆ ಬರುವ ನೀರು. ಬಾವಿ ಹಳತಾದಂತೆ ನೀರು ಜಾಸ್ತಿ. ಹರಿವು ನಿಧಾನವಾದರೆ ಅದು ತಗ್ಗಿನಲ್ಲಿ, ಗಡಿಯಾರದ ಆರು ಗಂಟೆಯ ಜಾಗದಲ್ಲಿ ಕೂರುತ್ತದೆ. ಕೆಸರಿನಡಿ ಬ್ಯಾಕ್ಟೀರಿಯಾ ಸೇರಿಕೊಂಡರೆ ಗುಳಿ ಬೀಳುತ್ತದೆ. 2006ರ ಮಾರ್ಚ್‌ನಲ್ಲಿ ಅಲಾಸ್ಕಾದ ಪ್ರೂಡೋ ಬೇನಲ್ಲಿ 34 ಇಂಚಿನ ಪೈಪು ತೂತಾಗಿ 2 ಲಕ್ಷ ಗ್ಯಾಲನ್‌ಗಿಂತ ಜಾಸ್ತಿ ಎಣ್ಣೆ ಚೆಲ್ಲಿತು. ಅಲ್ಲೂ ಈ ಬಗೆಯ ರೀಡಿಂಗ್‌ಗಳನ್ನು ತೆಗೆಯುತ್ತಲೇ ಇದ್ದರು. ಪೈಪಿನೊಳಗೆ ಓಡಿಸಿ ಗೋಡೆಯನ್ನು ಉದ್ದಕ್ಕೂ ಪರೀಕ್ಷಿಸುವ ಸ್ಮಾರ್ಟ್ ಪಿಗ್ ಎಂಬ ಉಪಕರಣವನ್ನು ಮಾತ್ರ 1998ರ ನಂತರ ಓಡಿಸಿರಲಿಲ್ಲ. ತೂತು ಬಿದ್ದದ್ದು ಕಾಡು ಹಿಮಸಾರಂಗಗಳು ದಾಟಲೆಂದು ಪೈಪನ್ನು ಕೆಳಗಿಳಿಸಿದ್ದ ತಗ್ಗಿನಲ್ಲಿ.

ಆದ್ದರಿಂದ ಪಿಗ್ ಓಡಿಸಬಹುದಾದ ಲೈನಿಗೆ ಅದೇ ಮೊದಲು. ಪಿಗ್ ತೋರಿಸಿದ ಜಾಗ ಅಗೆದು ತಾಳೆ ನೋಡಲು ಗೇಜ್ ಬೇಕೇ ಬೇಕು. ಪಿಗ್ ಹೋಗದ ಲೈನಿನಲ್ಲಿ ತಗ್ಗುಗಳನ್ನು ಹುಡುಕಿ, ತಳದಲ್ಲಿ ಚೌಕ ಗೆರೆ ಹಾಕಿ, ಪ್ರತಿ ಚೌಕದಲ್ಲೂ ಪ್ರೋಬ್ ಎಳೆದು ಕನಿಷ್ಠ ಅಂಕಿ ಬರೆದುಕೊಳ್ಳಿ. ಪೈಪಿನಡಿ ಮಲಗಿಯೇ ಮಾಡಬೇಕು, ಶಬ್ದ ದಾಟಲೆಂದು ಪ್ರೋಬಿಗೆ ಹಚ್ಚುವ ಜೆಲ್ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಬೇಸಿಗೆಯಲ್ಲಿ ಅದೂ ಒಣಗುತ್ತದೆ.

ನನ್ನ ದೂರು ಪ್ರೋಬ್ ಮತ್ತು ಕೇಬಲ್ ಬಗ್ಗೆ. ಕೇಬಲ್ ಯಾವಾಗಲೂ ಕನೆಕ್ಟರ್ ಬುಡದಲ್ಲೇ ಕೈಕೊಡುತ್ತದೆ, ಡೀಲರ್ ವಾರಂಟಿ ಇಲ್ಲ ಅನ್ನುತ್ತಾನೆ. ಒರಟು ಪೈಪಿನ ಮೇಲೆ ಎಳೆದೆಳೆದು ಪ್ರೋಬ್ ಮುಖ ಓರೆಯಾಗಿ ಸವೆಯುತ್ತದೆ, ಆಮೇಲೆ ಝೀರೋ (ಅಳತೆ ಶುರುವಾಗುವ ಸೊನ್ನೆ) ನಿಲ್ಲುವುದಿಲ್ಲ. ಗೇಜ್ ಜೊತೆಗೇ ಒಂದು ಹೆಚ್ಚುವರಿ ಪ್ರೋಬಿನ ಬೆಲೆ ಸೇರಿಸಿ ಕೋಟ್ ಕೇಳಿ. ಸೆಕೆಂಡ್ ಹ್ಯಾಂಡ್ ಆದರೆ ಪರದೆಗಿಂತ ಮೊದಲು ಪ್ರೋಬಿನ ಮುಖ ನೋಡಿ.