ಮೈಸೂರಲ್ಲಿ ಭೋಗ್ಯಕ್ಕೆ ಮನೆ ನೋಡ್ತಿದ್ದೀರಾ? ಮೊದಲು ಒರಿಜಿನಲ್ ಪತ್ರ ಕೇಳಿ

ಕುವೆಂಪುನಗರದಲ್ಲಿ ಸಿಂಗಲ್ ಬೆಡ್‌ರೂಮ್ ಮನೆ, ಮೊದಲನೇ ಮಹಡಿ, 5 ಲಕ್ಷಕ್ಕೆ 3 ವರ್ಷ ಭೋಗ್ಯ. ತಿಂಗಳು ತಿಂಗಳು ಬಾಡಿಗೆ ಕಟ್ಟೋ ರಗಳೆ ಇಲ್ಲ, ಬಿಡುವಾಗ ದುಡ್ಡು ಪೂರ್ತಿ ವಾಪಸ್. ಹೆಂಡತಿಯ ಬಳೆ, ಸರ ಅಡವಿಟ್ಟು ಹೊಂದಿಸಿದೆ.

ಓನರ್ ಮಾತಿನಲ್ಲಿ ಬಲು ನಯ. ಕಾಫಿ ಕೊಟ್ಟು, ಪಾಲಿಕೆಯ ಕಂದಾಯದ ರಸೀದಿ, ಸೆಸ್ಕ್ ಕರೆಂಟ್ ಬಿಲ್ಲು ಎರಡೂ ತೋರಿಸಿದರು. ಹೆಸರು ಅವರದೇ ಇತ್ತು, ನಾನು ಅಷ್ಟಕ್ಕೇ ನಂಬಿದೆ. ಕಂದಾಯ, ಕರೆಂಟು ಯಾರ ಹೆಸರಲ್ಲಿದೆ ಅಂತ ಆ ಕಾಗದ ಹೇಳುತ್ತೆ, ಮನೆ ಮೇಲೆ ಎಷ್ಟು ಸಾಲ ಇದೆ ಅಂತ ಹೇಳೋದಿಲ್ಲ. ಕ್ರಯಪತ್ರ ಕೇಳಿದಾಗ ಜೆರಾಕ್ಸ್ ಬಂತು. ‘ಒರಿಜಿನಲ್ಲು ಬ್ಯಾಂಕಲ್ಲಿದೆ ಸಾರ್, ಲಾಕರಲ್ಲಿ’ ಅಂದರು. ಬ್ಯಾಂಕಲ್ಲಿದ್ದದ್ದು ನಿಜವೇ. ಲಾಕರಲ್ಲಲ್ಲ, ಸಾಲದ ಫೈಲಲ್ಲಿ!

ಕರಾರನ್ನ ರಿಜಿಸ್ಟರ್ ಮಾಡಿಸೋಣ ಅಂದಿದ್ದಕ್ಕೆ ‘ಸುಮ್ನೆ ಯಾಕೆ ಖರ್ಚು, ನೋಟರಿ ಸಾಕು’ ಅಂತ ಬ್ರೋಕರ್ ಅಂದ. ಅವನ ಕಮಿಷನ್ ಮಾತ್ರ ಅವತ್ತೇ ಎಣಿಸಿಕೊಂಡ.

ಎಂಟು ತಿಂಗಳು ಆರಾಮಾಗಿದ್ವಿ. ಒಂದು ದಿನ ಬೆಳಿಗ್ಗೆ ಹಾಲು ತಗೊಂಡು ಮೆಟ್ಟಿಲು ಹತ್ತಿದರೆ ಬಾಗಿಲಿಗೆ ಬ್ಯಾಂಕಿನ ನೋಟಿಸು. ಗೋಂದು ಇನ್ನೂ ಹಸಿ, ಹೊಸಿಲ ಮೇಲಿನ ರಂಗೋಲಿಗೆ ತೊಟ್ಟಿಕ್ಕಿತ್ತು. ಸಾಲ ಕಟ್ಟದಿದ್ದರೆ ಅಡವಿಟ್ಟ ಆಸ್ತಿಯನ್ನ ಬ್ಯಾಂಕೇ ವಶಕ್ಕೆ ತಗೊಳ್ಳೋ 2002ರ ಸರ್ಫೇಸಿ ಕಾಯ್ದೆ ಪ್ರಕಾರ ಮನೆ ಬ್ಯಾಂಕಿನ ಸ್ವಾಧೀನಕ್ಕೆ ಅಂತ ಬರೆದಿತ್ತು. ಅದಕ್ಕೂ ಮುಂಚೆ 60 ದಿನದ ಗಡುವಿನ ನೋಟಿಸು ಸಾಲಗಾರನಿಗೆ ಹೋಗಿರುತ್ತಂತೆ. ಅಂದರೆ ಓನರಿಗೆ ಗೊತ್ತಿತ್ತು. ಹಿಂದಿನ ವಾರವಷ್ಟೇ ಸಿಕ್ಕಿದ್ದರು, ನಲ್ಲಿ ಸೋರೋದು ನಿಂತಿತಾ ಅಂತ ವಿಚಾರಿಸಿದ್ದರು.

ಬ್ಯಾಂಕಿಗೆ ಓಡಿದೆ. ನನ್ನ ಛಾಪಾ ಕಾಗದವನ್ನ ಅಧಿಕಾರಿ ಅರ್ಧ ಓದಿ ಪಕ್ಕಕ್ಕಿಟ್ಟರು. ಒಂದು ವರ್ಷ ಮೀರಿದ ಅವಧಿಯ ಕರಾರು ನೋಂದಣಿ ಆಗಲೇಬೇಕು, ಇದು ಆಗಿಲ್ಲ. ಅದೂ ಅಲ್ಲದೆ ಸಾಲ ಆದಮೇಲೆ ಬ್ಯಾಂಕನ್ನ ಕೇಳದೆ ಕೊಟ್ಟ ಭೋಗ್ಯ. ವಕೀಲರೂ ಅದನ್ನೇ ಹೇಳಿದರು: ನಿಮ್ಮ ದುಡ್ಡು ಓನರಿಂದ ವಸೂಲಿ ಮಾಡ್ಕೋಬೇಕು, ಮನೆ ಹಿಡಿದು ಕೂರೋಕಾಗಲ್ಲ. ಬಾಡಿಗೆ ಕರಾರನ್ನ 11 ತಿಂಗಳಿಗೆ ಯಾಕೆ ಬರೆಸ್ತಾರೆ ಅಂತ ಅವತ್ತು ಅರ್ಥವಾಯ್ತು.

ಹಾಗಾಗಿ ಅಡ್ವಾನ್ಸ್ ಅಂತ ಒಂದು ರೂಪಾಯಿ ಕೊಡೋ ಮುಂಚೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಲ್ಲಿ ಆ ಮನೆಯ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ. ಅಡಮಾನ ನೋಂದಣಿ ಆಗಿದ್ದರೆ ಅದರಲ್ಲಿ ಸಿಗುತ್ತೆ. ಎಲ್ಲಾ ಸಾಲವೂ ಅದರಲ್ಲಿ ಕಾಣಲೇಬೇಕು ಅಂತಿಲ್ಲ, ಅದಕ್ಕೇ ಒರಿಜಿನಲ್ ಕ್ರಯಪತ್ರವನ್ನ ಕೈಯಲ್ಲಿ ಹಿಡಿದು ನೋಡಿ. ಜೆರಾಕ್ಸ್ ತೋರಿಸಿ ಕಥೆ ಹೇಳಿದರೆ ಎದ್ದು ಬನ್ನಿ, ಕಾಫಿ ಕುಡಿದಿದ್ದರೂ ಪರವಾಗಿಲ್ಲ. ದುಡ್ಡು ಬ್ಯಾಂಕ್ ಮೂಲಕವೇ ಕೊಡಿ. ನಾನು ಒಂದೂವರೆ ಲಕ್ಷ ನಗದು ಕೊಟ್ಟಿದ್ದೆ. ಅದಕ್ಕೆ ಈಗ ಸಾಕ್ಷಿ ಅಂದ್ರೆ ಆ ಬ್ರೋಕರ್ ಒಬ್ಬನೇ, ಅವನು ಫೋನ್ ಎತ್ತಲ್ಲ.

ಈಗ ಮಂಡ್ಯದ ಮಾವನ ಮನೆಯಲ್ಲಿದ್ದೀವಿ, ದಿನಾ ಪ್ಯಾಸೆಂಜರ್ ರೈಲಲ್ಲಿ ಮೈಸೂರಿಗೆ ಬರ್ತೀನಿ. ಓನರಿಂದ ಇದುವರೆಗೆ ಬಂದಿರೋದು 90 ಸಾವಿರ, ಮೂರು ಕಂತಲ್ಲಿ. ಕೇಸು ಹಾಕಿದ್ದೀವಿ.