ಸಣ್ಣ ಚಕ್ರ ಅಂತ ಸದರ ಮಾಡಿಕೊಂಡು ನಟ್ ಬಿಚ್ಚಬೇಡಿ

ಎಡಗೈಯಲ್ಲೇ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಬಲಗೈ ಹೆಬ್ಬೆರಳಿಗೆ ಇನ್ನೂ ಪಟ್ಟಿ ಇದೆ.

ನಮ್ಮ ತೋಟ ಶ್ರೀನಿವಾಸಪುರದ ಹತ್ತಿರ. ಟೊಮೆಟೊ ಬಾಕ್ಸ್‌ಗಳನ್ನು ರಸ್ತೆಗೆ ತರೋಕೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಪುಟ್ಟ ಟ್ರೈಲರ್ ಮಾಡಿಸಿದ್ದೆವು. ಹಳೇ ಚೇತಕ್ ಸ್ಕೂಟರಿನ ಎರಡು ಚಕ್ರ, 3.50-10 ಟೈರು. 15 ಕೆಜಿಯ ಎಂಟು ಬಾಕ್ಸ್ ಆರಾಮಾಗಿ ಎಳೆಯಬಹುದು. ಬದುವಿನ ತುಂಬ ಜಾಲಿ ಮುಳ್ಳು, ಹಾಗಾಗಿ ಪಂಚರ್ ನಮಗೆ ಹೊಸದೇನಲ್ಲ.

ಅವತ್ತು ಮಾರ್ಕೆಟ್ಟಿಗೆ ಹೋಗುವ ಅವಸರ. ಒಂದು ಟೈರು ಅರ್ಧ ಕೂತಿತ್ತು. ಚಕ್ರ ಬಿಚ್ಚಿ ನೆಲಕ್ಕೆ ಹಾಕಿದೆ. ಗಾಳಿ ತುಂಬುವ ವಾಲ್‌ಗೆ ಕಡ್ಡಿ ಒತ್ತಿದೆ, ಪುಸ್ ಅಂತ ಸ್ವಲ್ಪ ಹೊತ್ತು ಬಂತು, ಆಮೇಲೆ ನಿಂತಿತು. ಗಾಳಿ ಹೋಯ್ತು ಅಂದುಕೊಂಡೆ. ಒಳಗೆ ಮಣ್ಣು ಕಟ್ಟಿಕೊಂಡಿತ್ತು ಅಂತ ಆಮೇಲೆ ಗೊತ್ತಾಯಿತು.

ಇಂಥ ಹಳೇ ಸ್ಕೂಟರ್ ರಿಮ್ ಒಂದೇ ತುಂಡಲ್ಲ. ಎರಡು ತಟ್ಟೆಗಳನ್ನು ನಟ್ ಹಾಕಿ ಜೋಡಿಸಿರುತ್ತಾರೆ. ಚಕ್ರವನ್ನು ಬ್ರೇಕ್ ಡ್ರಮ್ಮಿಗೆ ಹಿಡಿದಿರುವ ನಟ್ ಬೇರೆ, ಈ ತಟ್ಟೆಗಳನ್ನು ಹಿಡಿದಿರುವ ನಟ್ ಬೇರೆ. ಗಾಳಿ ತುಂಬಿದ ಚಕ್ರ ಬಿಚ್ಚುವಾಗ ಎಷ್ಟೋ ಜನ ಇವೆರಡನ್ನು ಅದಲು ಬದಲು ಮಾಡಿ ಪೆಟ್ಟು ತಿಂದಿದ್ದಾರೆ. ನಾನು ಮಾಡಿದ್ದು ಅದಕ್ಕಿಂತ ದಡ್ಡತನ. ತಟ್ಟೆಗಳ ನಟ್ ಒಂದೊಂದಾಗಿ ಎಲ್ಲ ತೆಗೆದೆ. ತಟ್ಟೆಗಳು ಅಲುಗಲಿಲ್ಲ. ತುಕ್ಕು ಹಿಡಿದು ಅಂಟಿಕೊಂಡಿವೆ ಅಂತ ಸುಮ್ನೆ ಉಳಿ ಇಟ್ಟು ಸುತ್ತಿಗೆಯಿಂದ ಒಂದೇಟು ಕೊಟ್ಟೆ.

ಢಬ್!

ಕೈಯಲ್ಲಿದ್ದ ಉಳಿ ಎಲ್ಲಿ ಹೋಯಿತೋ. ಮೇಲಿನ ತಟ್ಟೆ ಹೆಬ್ಬೆರಳಿಗೆ ಬಡಿದು, ಹಾರಿ, ಕೊಟ್ಟಿಗೆಯ ಶೀಟಿಗೆ ತಾಗಿತು. ಹಸುಗಳು ಹಗ್ಗ ಕಿತ್ತುಕೊಳ್ಳೋ ಹಾಗೆ ಎಗರಿದವು. ನಾನು ಬಗ್ಗಿ ನೋಡುತ್ತಿದ್ದೆ. ಇನ್ನೊಂದು ಗೇಣು ಮುಂದಿದ್ದರೆ ಮುಖಕ್ಕೇ ಬೀಳುತ್ತಿತ್ತು. ಟೈರ್ ಮೆತ್ತಗಿದ್ದರೂ ಒಳಗಿನ ಗಾಳಿ ತಟ್ಟೆಗಳನ್ನು ನೂರಾರು ಕೆಜಿ ಬಲದಲ್ಲಿ ತಳ್ಳುತ್ತಿರುತ್ತದೆ. ಅಷ್ಟು ಹೊತ್ತು ಅದನ್ನು ಹಿಡಿದಿದ್ದದ್ದು ತುಕ್ಕು ಮಾತ್ರ.

ಮೊದಲು ವಾಲ್ ಒಳಗಿನ ಪಿನ್ನನ್ನೇ ಪೂರ್ತಿ ತಿರುಗಿಸಿ ತೆಗೆಯಬೇಕು. ಬರೀ ಒತ್ತಿದರೆ ಸಾಲದು. ಆಮೇಲೆ ಟೈರಿನ ಮೇಲೆ ಹತ್ತಿ ನಿಂತು, ಪೂರ್ತಿ ಚಪ್ಪಟೆ ಆಗುತ್ತಾ ನೋಡಿ. ಆಗಲೂ ಯಾವ ನಟ್ಟನ್ನೂ ಒಂದೇ ಸಲ ಕಳಚಬೇಡಿ. ಎಲ್ಲವನ್ನೂ ಎರಡೆರಡು ಸುತ್ತು ಸಡಿಲ ಮಾಡಿ, ನಟ್ ತುದಿಯಲ್ಲೇ ಇರಲಿ. ತಟ್ಟೆ ಅಂಟಿದ್ದರೆ ಆ ಸ್ಥಿತಿಯಲ್ಲೇ ತಟ್ಟಿ ಬಿಡಿಸಿ. ಗಾಳಿ ಉಳಿದಿದ್ದರೂ ತಟ್ಟೆ ನಟ್ಟಿಗೆ ಸಿಕ್ಕಿ ನಿಲ್ಲುತ್ತದೆ, ಹಾರಲ್ಲ.

ಕಟ್ಟಡದ ಕೆಲಸದ ಒಂಟಿ ಚಕ್ರದ ಗಾಡಿಗಳಲ್ಲೂ ಕೆಲವಕ್ಕೆ ಇಂಥದೇ ರಿಮ್ ಇರುತ್ತೆ. ಒಂದೇ ತುಂಡಿನದಾದರೆ ಈ ಭಯ ಇಲ್ಲ, ಆದರೆ ಟೈರ್ ಎಬ್ಬಿಸುವ ಲಿವರ್ ಟ್ಯೂಬನ್ನು ಕಚ್ಚುತ್ತದೆ. ಟೈರಿನ ಎದುರು ಬದಿಯನ್ನು ರಿಮ್ಮಿನ ನಡುವಿನ ತಗ್ಗಿಗೆ ಒತ್ತಿ, ಸೋಪು ನೀರು ಸವರಿದರೆ ಜಾಸ್ತಿ ಬಲ ಬೇಕಾಗಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಹೊಸ ಟ್ಯೂಬ್ ಹಾಕಿದ ಹುಡುಗ ಅದಕ್ಕೆ ಒಂಚೂರೂ ಗಾಳಿ ತುಂಬದೆ ತಟ್ಟೆ ಕೂರಿಸಿ ನಟ್ ಬಿಗಿದ. ಟ್ಯೂಬ್ ಎರಡು ತಟ್ಟೆಗಳ ನಡುವೆ ಸಿಕ್ಕಿ, ಮನೆಗೆ ಬರುವಷ್ಟರಲ್ಲಿ ಮತ್ತೆ ಪುಸ್. ಆ ಕೆಲಸ ನಾನು ಮಾಡಿಲ್ಲ ಅನ್ನೋದೊಂದೇ ಸಮಾಧಾನ! ಇನ್ನು ಕಂಪ್ರೆಸರ್ ಹತ್ತಿರ ಹೋದರೆ ಅಲ್ಲೇ ನಿಂತು ಮೀಟರ್ ನೋಡಿ. ಪುಟ್ಟ ಟೈರು ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿಬಿಡುತ್ತೆ. ಟೈರಿನ ಪಕ್ಕದಲ್ಲಿ ಬರೆದ ಪಿಎಸ್ಐ, ಅಂದರೆ ಗಾಳಿ ಒತ್ತಡದ ಅಂಕಿ, ದಾಟಬಾರದು.

ಟ್ರೈಲರಿನ ಇನ್ನೊಂದು ಚಕ್ರವೂ ಈಗ ಮೆಲ್ಲಗೆ ಗಾಳಿ ಬಿಡುತ್ತಿದೆ. ಅದರ ಪಿನ್ ನಿನ್ನೆಯೇ ತೆಗೆದಿಟ್ಟಿದ್ದೇನೆ. ಬೆರಳಿನ ಪಟ್ಟಿ ಬಿಚ್ಚಿದ ಮೇಲೆ ನಟ್ ಮುಟ್ಟುತ್ತೇನೆ.