ನಾಟಕಕ್ಕೆ ಎಲ್ಲಿ ಕೂರಬೇಕು? ಐದು ಕಡೆ ನೋಡಿದ ಮಡಿಕೇರಿಯವನ ಲೆಕ್ಕ

ಮಡಿಕೇರಿಯಲ್ಲಿದ್ದುಕೊಂಡು ನಾಟಕದ ಹುಚ್ಚು ಹತ್ತಿಸಿಕೊಂಡರೆ ಟಿಕೆಟ್ಟಿಗಿಂತ ಬಸ್ ಚಾರ್ಜೇ ಜಾಸ್ತಿ. ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿಗೆ ಅದರ ಎರಡರಷ್ಟಕ್ಕೂ ಮೇಲೆ. ಅಷ್ಟು ದೂರ ಹೋಗಿ ಕಂಬದ ಹಿಂದೆ ಸೀಟು ಸಿಕ್ಕರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಅದಕ್ಕೇ ಯಾವ ನಾಟಕ ಅಂತ ನೋಡುವಾಗಲೇ ಎಲ್ಲಿ ಕೂರುವುದು ಅಂತಲೂ ಯೋಚಿಸುತ್ತೇನೆ. ಇಷ್ಟು ವರ್ಷದಲ್ಲಿ ನಾಲ್ಕು ಕಡೆ ಕೂತು, ಒಂದು ಕಡೆ ನಿಂತು ನೋಡಿದ್ದೇನೆ.

ಮೊದಲು ಹತ್ತಿರದ್ದು. ನಮ್ಮ ಜಿಲ್ಲೆಯ ಒಂದು ಸಭಾಂಗಣ, ಹೆಸರು ಬೇಡ. ಮದುವೆಗೆ ಚೆನ್ನಾಗಿದೆ. ನೆಲ ಪೂರ್ತಿ ಸಪಾಟು, ಪ್ಲಾಸ್ಟಿಕ್ ಕುರ್ಚಿ. ನಾಲ್ಕನೇ ಸಾಲಿನಿಂದ ಹಿಂದೆ ಕೂತವರಿಗೆ ನಟರು ಸೊಂಟದಿಂದ ಮೇಲಕ್ಕೆ ಮಾತ್ರ ಸಿಗುತ್ತಾರೆ. ನಾನು ನೋಡಿದ ದಿನ ಒಬ್ಬ ತಾಯಿ ಮಗುವನ್ನು ನೆಲದ ಮೇಲೆ ಮಲಗಿಸಿ ಅಳುವ ದೃಶ್ಯ ಇತ್ತು. ಅಳು ಕೇಳಿಸಿತು, ಮಗು ಕಾಣಿಸಲಿಲ್ಲ. ಜುಲೈ ತಿಂಗಳು ಬೇರೆ. ಶೀಟಿನ ಮೇಲೆ ಮಳೆ ಜೋರಾದಾಗ ಆ ಅಳುವೂ ಹೋಯಿತು. ಹರದಾಸ ಅಪ್ಪಚ್ಚ ಕವಿ ಕೊಡವ ಭಾಷೆಯಲ್ಲಿ ನಾಟಕ ಬರೆದು ನೂರು ವರ್ಷ ದಾಟಿದೆ. ಅವರ ಜಿಲ್ಲೆಯವನಾದ ನಾನು ಇನ್ನೂ ಮದುವೆ ಹಾಲ್‌ನಲ್ಲಿ ಕತ್ತು ಉದ್ದ ಮಾಡಿಕೊಂಡು ಕೂತಿದ್ದೇನೆ.

ನಿಂತು ನೋಡಿದ್ದು ಮಡಿಕೇರಿ ದಸರೆಯ ದಶಮಂಟಪ. ಅದು ನಾಟಕವಾ ಅಂತ ನೀವು ಕೇಳಬಹುದು. ಹತ್ತು ದೇವಸ್ಥಾನಗಳ ಮಂಟಪಗಳು ವಿಜಯದಶಮಿ ರಾತ್ರಿ ಬೀದಿಗಿಳಿಯುತ್ತವೆ. ಪುರಾಣದ ಒಂದೊಂದು ಕಥೆ, ಕೈಕಾಲು ಆಡಿಸುವ ದೊಡ್ಡ ದೊಡ್ಡ ಮೂರ್ತಿಗಳು, ಹೊಗೆ, ಲೈಟು, ಎದೆ ನಡುಗಿಸುವ ಸೌಂಡು. ಜೀವಂತ ನಟರ ಆಟ ಅಲ್ಲ, ನಿಜ. ಆದರೆ ನೋಡುವ ಜಾಗದ ಮಟ್ಟಿಗೆ ಇದಕ್ಕೆ ಒಳ್ಳೆಯ ಅಂಕ ಕೊಡುತ್ತೇನೆ. ನಮ್ಮೂರಿನ ರಸ್ತೆಗಳೆಲ್ಲ ಏರು. ಏರಿನ ಮೇಲ್ಗಡೆ ನಿಂತರೆ ಮುಂದಿನವರ ತಲೆ ತಾನಾಗಿ ಕೆಳಗೆ ಹೋಗುತ್ತದೆ. ಊರೆಲ್ಲ ಏರುತಗ್ಗು, ಸಭಾಂಗಣ ಮಾತ್ರ ಸಪಾಟು! ಬೆಳಗಿನ ಜಾವದ ಚಳಿಗೆ ಸ್ವೆಟರ್ ಬೇಕು, ಮಂಡಿ ಗಟ್ಟಿಯಿರಬೇಕು.

ಮೈಸೂರಿನ ರಂಗಾಯಣಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿ ನಿಲ್ಲಿಸಿದ ಜಾಗ. ಒಳಗಿನ ಭೂಮಿಗೀತ ರಂಗಮಂದಿರ ಹದವಾದ ಅಳತೆಯದ್ದು. ನಟ ಹುಬ್ಬು ಹಾರಿಸಿದರೂ ಗೊತ್ತಾಗುತ್ತದೆ. ಬಯಲಿನ ವನರಂಗಕ್ಕೆ ಹೋಗುವಾಗ ಒಂದು ದಪ್ಪ ಟವೆಲ್ ಇಟ್ಟುಕೊಳ್ಳಿ. ಮೆಟ್ಟಿಲ ಮೇಲೆ ಎರಡು ಗಂಟೆ ಕೂತರೆ ನಾಟಕಕ್ಕಿಂತ ಸೊಂಟವೇ ಜಾಸ್ತಿ ನೆನಪಿರುತ್ತದೆ. ನನ್ನ ಕಷ್ಟ ಬೇರೆ. ಮುಗಿಯುವಷ್ಟರಲ್ಲಿ ಬಸ್ಸಿನ ಚಿಂತೆ ಶುರುವಾಗಿರುತ್ತದೆ. ಕೊನೆಯ ಹದಿನೈದು ನಿಮಿಷ ಗಡಿಯಾರ ನೋಡಿಕೊಂಡು ನೋಡಿದ ನಾಟಕಗಳೇ ಹೆಚ್ಚು.

ಬೆಂಗಳೂರಿನ ರಂಗಶಂಕರದಲ್ಲಿ ಮೊದಲ ಸಲ ನಾನು ನೋಡಿದ್ದು ಮುಚ್ಚಿದ ಬಾಗಿಲು. ಏಳೂವರೆ ಆಟಕ್ಕೆ ಏಳು ಮೂವತ್ತನಾಲ್ಕಕ್ಕೆ ಹೋಗಿ ನಿಂತಿದ್ದೆ. ಶುರುವಾದ ಮೇಲೆ ಯಾರನ್ನೂ ಬಿಡುವುದಿಲ್ಲ ಅಂದರು. "ಮಡಿಕೇರಿಯಿಂದ ಬಂದಿದ್ದೀನಿ ಸರ್" ಅಂದೆ. ಅದಕ್ಕೂ ಬಿಡಲಿಲ್ಲ. ತಪ್ಪು ನನ್ನದೇ, ಆದರೂ ಅವತ್ತು ಸಿಟ್ಟು ನೆತ್ತಿಗೇರಿತ್ತು. ಎರಡನೇ ಸಲ ಒಳಗೆ ಕೂತಾಗ ಆ ಕಟ್ಟುನಿಟ್ಟಿನ ಬೆಲೆ ತಿಳಿಯಿತು. ನಡುವೆ ಬಂದು ಕಾಲು ತುಳಿಯುವವರಿಲ್ಲ. ಟಾರ್ಚ್ ಬಿಡುವವರಿಲ್ಲ. ಒಬ್ಬಾಕೆ ಪತ್ರ ಓದಿ ಅದನ್ನು ನಾಲ್ಕಾಗಿ ಮಡಚಿದಳು. ಮೈಕಿಲ್ಲದೆ ಆ ಕಾಗದದ ಸದ್ದು ಹಿಂದೆ ಕೂತ ನನಗೂ ಕೇಳಿಸಿತು. ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಮುಂದೆ ನಿಂತು ಕಟ್ಟಿಸಿದ ರಂಗಮಂದಿರ, 2004ರಲ್ಲಿ ಶುರುವಾದದ್ದು. ಮುನ್ನೂರು ಚಿಲ್ಲರೆ ಸೀಟು, ಕಡಿದಾದ ಏರಿನಲ್ಲಿ. ಅಲ್ಲಿ ಜನ ಮುಂದಿನ ಸಾಲಿಗೆ ಓಡುತ್ತಾರೆ. ನನ್ನನ್ನು ಕೇಳಿದರೆ ಹಿಂದಿನ ಅರ್ಧದಲ್ಲಿ ನಟ್ಟನಡುವೆ ಕೂರಿ. ಮುಂದೆ ಕೂತರೆ ಒಬ್ಬ ನಟ ಸಿಗುತ್ತಾನೆ, ಹಿಂದೆ ಕೂತರೆ ಇಡೀ ರಂಗ ಸಿಗುತ್ತದೆ. ಪಕ್ಕದ ತುದಿ ಸೀಟಿಗೆ ಮಾತ್ರ ಹೋಗಬೇಡಿ, ಕೆಲವು ದೃಶ್ಯದಲ್ಲಿ ಬರೀ ಬೆನ್ನು ನೋಡಬೇಕಾಗುತ್ತದೆ.

ಸೀಟು ಅಂತ ಬಂದರೆ ರಂಗಶಂಕರವೇ ಮೇಲು, ಅನುಮಾನವಿಲ್ಲ. ಆದರೆ ವರ್ಷಕ್ಕೆ ಒಂದೇ ರಾತ್ರಿ ಅಂದರೆ ನಾನು ಘಾಟಿ ಇಳಿದು ಸಂಪಾಜೆ ಕಡೆ ಹೋಗುತ್ತೇನೆ. ಗದ್ದೆ ಬಯಲಲ್ಲಿ ತೆಂಕುತಿಟ್ಟಿನ, ಅಂದರೆ ಕರಾವಳಿಯ ತೆಂಕಣ ಶೈಲಿಯ ಯಕ್ಷಗಾನ, ರಾತ್ರಿಯಿಡೀ. ಈಗ ಕಾಲಮಿತಿ ಆಟಗಳೇ ಹೆಚ್ಚು, ಮಧ್ಯರಾತ್ರಿ ಹೊತ್ತಿಗೆ ಮಂಗಳ ಹಾಡಿ ಮನೆಗೆ ಕಳಿಸುತ್ತಾರೆ. ಅದು ನನಗೆ ರುಚಿಸುವುದಿಲ್ಲ. ಯಕ್ಷಗಾನದಲ್ಲಿ ಒಂದೇ ಕುರ್ಚಿಗೆ ಅಂಟಿಕೊಳ್ಳುವ ಕರ್ಮ ಇಲ್ಲ. ನಾನು ಗೊತ್ತಿಲ್ಲದೆ ಚೆಂಡೆಯ ಕಡೆ ಮುಂದೆ ಕೂತಿದ್ದೆ. ಒಂದು ಗಂಟೆಯಲ್ಲಿ ಕಿವಿ ಗುಂಯ್ ಅಂತು. ಎದ್ದು ಹೋಗಿ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣ ಹಾಕುವುದನ್ನು ನೋಡಿದೆ. ಅಕ್ಕಿಹಿಟ್ಟಿನ ಚುಟ್ಟಿಯನ್ನು ಒಂದೊಂದೇ ಮುಳ್ಳಾಗಿ ಮುಖದ ಮೇಲೆ ಕೂರಿಸುತ್ತಿದ್ದರು, ವೇಷಧಾರಿ ಅಲ್ಲಾಡದೆ ಕೂತಿದ್ದ. ಹೊರಗೆ ಬಂದು ಗೋಳಿಬಜೆ, ಚಹಾ. ವಾಪಸ್ ಬಂದರೆ ನನ್ನ ಕುರ್ಚಿ ಯಾರದ್ದೋ ಆಗಿತ್ತು. ಹಿಂದೆ ಚಾಪೆ ಹಾಸಿದ್ದ ಒಬ್ಬ ಅಜ್ಜ ಸರಿದು ಜಾಗ ಕೊಟ್ಟರು. "ನಿದ್ದೆ ಬಂದ್ರೆ ಮಲಗು ಮಾರಾಯ, ಮಹಿಷಾಸುರ ಬರುವಾಗ ಎಬ್ಬಿಸ್ತೇನೆ" ಅಂದರು.

ಅವರೇ ಮೊದಲು ಗೊರಕೆ ಹೊಡೆದರು. ಎಷ್ಟು ಹೊತ್ತಾಗಿತ್ತೋ, ಮಹಿಷಾಸುರ ಬಂದದ್ದು ರಂಗಸ್ಥಳದ ಹಿಂದಿನಿಂದಲ್ಲ, ನಮ್ಮ ಬೆನ್ನ ಹಿಂದಿನಿಂದ. ದೊಂದಿ, ಕಿರುಚಾಟ, ಜನ ದಾರಿ ಬಿಟ್ಟು ಓಡಿದ್ದು. ಅಜ್ಜ ದಡಬಡಿಸಿ ಎದ್ದು ನನ್ನ ಭುಜ ಹಿಡಿದುಕೊಂಡರು. ಮುಂದಿನ ಸಾಲಿನ ದೊಡ್ಡ ಕುರ್ಚಿಯವರು ಕತ್ತು ತಿರುಗಿಸುವಷ್ಟರಲ್ಲಿ ಅವನು ನಮ್ಮ ಚಾಪೆಯ ಅಂಚು ತುಳಿದುಕೊಂಡು ದಾಟಿ ಹೋಗಿಯಾಗಿತ್ತು.

ಈ ಸಲ ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ನಾನೂ ಒಂದು ಚಾಪೆ ಕೊಂಡುಹೋಗುವವನಿದ್ದೇನೆ.